ಮೊಟ್ಟೆ ಟ್ರೇಯಲ್ಲಿ ಬಂದ ಪ್ರೊಸೆಸರ್

ನಮ್ಮ ಹಳೆ ಕಂಪ್ಯೂಟರ್ ಆನ್ ಮಾಡಿದರೆ, ಅದು ಏಳುವಷ್ಟರಲ್ಲಿ ನನ್ನ ಸ್ನಾನ ಮುಗಿದಿರುತ್ತಿತ್ತು. "ಇನ್ನೂ ಹಿಂಗೇ ತೂಕಡಿಸ್ತಿದ್ರೆ ಗುಜರಿಗೆ ಹಾಕ್ತೀನಿ ಕಣ್ರೀ" ಎಂದು ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಳು. ರಿಟೈರಾದ ಮೇಲೆ ನನಗೆ ಅದೇ ಗೆಳೆಯ, ಬಿಡುವುದುಂಟೇ? ತರೀಕೆರೆಗೆ ಹೋಗಿ, ಅದಕ್ಕೆ ಹೊಂದುವ, ಇನ್ನೂ ಚುರುಕಾದ ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಕೊಂಡೆ; ಕಂಪ್ಯೂಟರಿನ ಮಿದುಳೇ ಅದು. ಬಿಸ್ಕತ್ತಿನಷ್ಟು ಅಗಲ, ಅಡಿಯಲ್ಲಿ ಕೂದಲೆಳೆಯಂಥ ನೂರಾರು ಪಿನ್ನು. "ಒಂದು ಬಗ್ಗಿದ್ರೂ ಕೆಲಸ ಕೆಟ್ಟಂಗೆ ಸಾರ್" ಎಂದ ಅಂಗಡಿಯವನು.

ಊರಿಗೆ ವಾಪಸಾಗಲು ಹತ್ತಿದ ಅಜ್ಜಂಪುರದ ಬಸ್ಸು ಕಿಕ್ಕಿರಿದಿತ್ತು. ಅಂಗೈಯಲ್ಲಿ ಅದನ್ನಿಟ್ಟುಕೊಂಡು ನಿಂತು, "ಸ್ವಲ್ಪ ಜರುಗಿ, ಪ್ರೊಸೆಸರ್ ಇದೆ" ಎಂದು ಬೇಡಿದೆ. ಯಾರೂ ಜರುಗಲಿಲ್ಲ. ತೊಡೆಯ ಮೇಲೆ ಮೊಟ್ಟೆ ಟ್ರೇ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬರು, "ಅದೇನ್ ಯಜಮಾನ್ರೇ, ಮಗೀನಂಗೆ ಹಿಡ್ಕಂಡಿದೀರಿ?" ಎಂದರು. ನಾನು ಬಾಯಿಬಿಟ್ಟರೆ ಕೇಳಬೇಕೇ, ಕಂಪ್ಯೂಟರಿನ ಚರಿತ್ರೆಯನ್ನೆಲ್ಲ ಹೇಳಿದೆ.

"ಅಷ್ಟೇನಾ? ಕೊಡಿ ಇತ್ಲಾಗೆ" ಎಂದು, ಟ್ರೇಯ ಖಾಲಿ ಗುಳಿಯೊಂದರಲ್ಲಿ ಪಿನ್ನು ಮೇಲಾಗಿ ಅದನ್ನು ಕೂರಿಸಿ ಕೂಗಿದರು: "ಲೇ, ದೂರ ನಿಂತ್ಕಳ್ರೋ, ಮೊಟ್ಟೆ ಐತೆ!"

ಇಡೀ ಬಸ್ಸು ಸರಿದು ನಿಂತಿತು.

ಒಂದು ಪಿನ್ನೂ ಬಗ್ಗಲಿಲ್ಲ. ಮನೆಯಲ್ಲಿ ಹಳೆಯದನ್ನು ತೆಗೆದು ಇದನ್ನು ಕೂರಿಸಿ ಗುಂಡಿ ಒತ್ತಿದೆ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಕಂಪ್ಯೂಟರ್ ಎದ್ದು ಕೂತಿತ್ತು! ನಾನು ಕುಣಿಯುವುದೊಂದು ಬಾಕಿ. ಹೆಂಡತಿಯೂ ಖುಷಿಯಾಗಿ ಅದಕ್ಕೆ ಕುಂಕುಮವಿಟ್ಟು ಊದುಬತ್ತಿ ಬೆಳಗಿದಳು.

ಮೊಟ್ಟೆಯನ್ನು ಹೊಸಿಲು ದಾಟಿಸದ ಮನೆ ನಮ್ಮದು. ಪ್ರೊಸೆಸರ್ ಯಾರ ಪಕ್ಕ ಕೂತು ಬಂತು ಎಂದು ಅವಳೂ ಕೇಳಲಿಲ್ಲ. ಇಷ್ಟು ಮಾತಾಡುವ ನಾನು, ಅದೊಂದನ್ನು ಮಾತ್ರ ಹೇಳಿಲ್ಲ.