ಪಕ್ಕಾ ರಂಗ್

ನಾರಾಯಣಖೇಡದ ಸಂತೆಯಲ್ಲಿ ಮೂವತ್ತು ವರ್ಷ ಕುಪ್ಪಸದ ಖಣ ಮಾರಿದ ಭೀಮಶಾನಿಗೆ ಕನ್ನಡ, ತೆಲುಗು, ದಖನಿ ಉರ್ದು ಮೂರೂ ನೀರು ಕುಡಿದಷ್ಟು ಸಲೀಸು. ಅವನು ಬಣ್ಣ ಪಕ್ಕಾ ಎಂದು ಗ್ಯಾರಂಟಿ ಕೊಟ್ಟ ಖಣ ಮೊದಲ ಒಗೆತಕ್ಕೇ ಬಣ್ಣ ಬಿಡುತ್ತದೆಂದು ಗೊತ್ತಿದ್ದೂ ಹೆಂಗಸರು ಆ ಮಾತಿಗಾಗಿಯೇ ಮತ್ತೆ ಬರುತ್ತಿದ್ದರು. ಹೋದ ವರ್ಷ ಲಕ್ವಾ ಹೊಡೆದ ಮೇಲೆ ಆ ಬಾಯಲ್ಲಿ ಉಳಿದದ್ದು ಸಂತೆಯ ಎರಡೇ ಮಾತು. ಜಹೀರಾಬಾದಿನ ಡಾಕ್ಟರು ಮಿದುಳಿನ ಫೋಟೋದಲ್ಲಿ ಎಡಗಡೆಯ ಕಪ್ಪು ಕಲೆ ತೋರಿಸಿ, "ಹೊಸಾ ಮಾತು ಕಟ್ಟೋ ಜಾಗ ಇದು, ಸತ್ತು ಹೋಗ್ಯಾದ. ಬಾಯಿಪಾಠದ್ದು ಬ್ಯಾರೆ ಕಡೆ ಇರ್ತದ, ಅದು ಉಳ್ದದ. ನೀವು ಅಂದದ್ದೆಲ್ಲಾ ಅವರಿಗಿ ತಿಳೀತದ ರೀ," ಎಂದು ಹೆಂಡತಿ ಅಮೃತಬಾಯಿಗೆ ಹೇಳಿದರು. ಅಂದಿನಿಂದ ಹಸಿವಾದರೂ "ದೇಖೋ ಅಮ್ಮಾ, ದೇಖ್ನೇಕು ಪೈಸೇ ನೈ," ಮೂಗಿನ ಮೇಲೆ ನೊಣ ಕೂತರೂ ಅದೇ, ಮೊಮ್ಮಗಳು ತೊಡೆಯೇರಿದರೂ ಅದೇ: ನೋಡೋದಕ್ಕೆ ರೊಕ್ಕ ಬೇಡವಂತೆ! "ಏ ಅಮೃತಾ" ಎಂದು ಕೂಗಿಸಿಕೊಂಡವಳು ಈಗ ಗಿರಾಕಿಯಂತೆ ಬರೀ "ಅಮ್ಮಾ." ಅವನ ದನಿಯ ಏರಿಳಿತದಲ್ಲೇ ಅವಳು ನೀರು, ರೊಟ್ಟಿ, ಸಿಟ್ಟು ಎಲ್ಲ ಬಿಡಿಸಿಕೊಳ್ಳುತ್ತಾಳೆ. ಬಂದ ಮಾತು ತಪ್ಪೆಂದು ಅವನಿಗೂ ತಿಳಿಯುತ್ತದೆ. ಆಗ ತನ್ನ ತುಟಿಗೆ ತಾನೇ ಹೊಡೆದುಕೊಳ್ಳುತ್ತಾನೆ. ಮೊನ್ನೆ ಬಟ್ಟೆ ಒಗೆಯುತ್ತ ಅವಳು ತಡೆಯಲಾರದೆ ಕೇಳಿಬಿಟ್ಟಳು: "ನಿಮಗ ಮಾತು ತಿರುಗಿ ಬರ್ತದಿಲ್ಲೋ? ಒಮ್ಮಿ ನನ್ನ ಹೆಸರು ಹಿಡದು ಕರೀತೀರಿಲ್ಲೋ?" ಅವನ ತುಟಿ ಅದುರಿತು, ಕತ್ತಿನ ನರ ಉಬ್ಬಿತು, ಬಹಳ ಹೊತ್ತು ಹುಡುಕಿ ಎರಡನೆಯ ಮಾತು ತೆಗೆದ: "ಪಕ್ಕಾ ರಂಗ್ ಹೈ ಅಮ್ಮಾ, ಗ್ಯಾರಂಟಿ." ಅಮೃತಬಾಯಿ ಬಕೀಟಿಗೆ ಬಗ್ಗಿದಳು. ಅದರಲ್ಲಿ ನೆನೆದದ್ದು ಅವನ ಗಂಟಿನಲ್ಲಿ ಮಾರದೆ ಉಳಿದ ಖಣದಿಂದ ಹೊಲಿಸಿಕೊಂಡ ಕುಪ್ಪಸ; ನೀರೆಲ್ಲ ಕೆಂಪಾಗಿತ್ತು.