ಕಂಟೇನರಿನಿಂದ ಕ್ಲೌಡಿಗೆ ಹೋದ ಮದುವೆಗಳು

ಇವತ್ತು ಬೆಳಿಗ್ಗೆ ಸ್ಟುಡಿಯೊಗೆ ಕಾಲಿಟ್ಟಾಗ ನನಗಿಂತ ಮೊದಲೇ ಬಂದಿದ್ದ ನನ್ನ ಹೆಂಡತಿ ಶರಣಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪರದೆ ಪೂರ್ತಿ ಕಪ್ಪು. ಅದರ ಮೇಲೆ ಬಿಳಿ ಅಕ್ಷರಗಳು ಸಾಲುಸಾಲಾಗಿ ಮೇಲಕ್ಕೆ ಸರಿಯುತ್ತಿದ್ದವು. ಹಿಂದೆಲ್ಲ ಇಂಥ ಪರದೆ ಕಂಡರೆ ಕಂಪ್ಯೂಟರ್ ಕೆಟ್ಟಿತೆಂದೇ ನನ್ನ ಎದೆ ಝಲ್ಲೆನ್ನುತ್ತಿತ್ತು. ಈಗ ಹೆಮ್ಮೆಯಾಗುತ್ತದೆ. ಆ ಹೆಮ್ಮೆ ಎಲ್ಲಿಂದ ಬಂತೆಂದು ಹೇಳುತ್ತೇನೆ, ಕೇಳಿ.

ನಾನು ಸುರಪುರದ ಫೋಟೊಗ್ರಾಫರ್. ಮದುವೆ ಮನೆಯಲ್ಲಿ ನನ್ನ ಜೋರು ನೀವು ನೋಡಬೇಕು. ಎಂಥ ದೊಡ್ಡವರಿಗೂ ಗದ್ದ ಮೇಲೆತ್ತಿರೆಂದು ಹೇಳುತ್ತೇನೆ. ಮುನಿಸಿಕೊಂಡ ಬೀಗರನ್ನು ಭುಜಕ್ಕೆ ಭುಜ ತಾಗಿಸಿ ನಿಲ್ಲಿಸುತ್ತೇನೆ. ಕಂಪ್ಯೂಟರಿನ ಮುಂದೆ ಮಾತ್ರ ನಾನು ಹೊಸ ಅಳಿಯನ ಹಾಗೆ, ಹೇಳಿದಲ್ಲಿ ಸುಮ್ಮನೆ ಕೂಡುವವನು. ಶರಣಮ್ಮ ಯಾದಗಿರಿಯವಳು, ಡಿಪ್ಲೊಮಾ ಓದಿದವಳು. ಆಲ್ಬಮ್ ಕೂಡಿಸುವುದರಿಂದ ಹಿಡಿದು ಯಂತ್ರದ ಕೆಲಸವೆಲ್ಲ ಅವಳದು.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬಳೆ ಅಂಗಡಿಯ ರಹೀಮಾಬಿ ಬಂದರು. ಆಗಷ್ಟೇ ಅವರ ಯಜಮಾನರು ತೀರಿಕೊಂಡಿದ್ದರು.

“ತಮ್ಮಾ, ಅವರದೊಂದು ಚಲೋ ಫೋಟೊ ಮನ್ಯಾಗ ಇಲ್ಲ,” ಎಂದರು. “ಮಗಳ ನಿಖಾದಾಗ ನೀ ತೆಗದದ್ದು ಒಂದೇ ಅದ. ಹುಡಿಕಿ ಕೊಡು.”

ಅವರನ್ನು ಬೆಂಚಿನ ಮೇಲೆ ಕೂರಿಸಿ ಹಳೆಯ ಮದುವೆಗಳನ್ನೆಲ್ಲ ತುಂಬಿಟ್ಟಿದ್ದ ಡಿಸ್ಕನ್ನು ಜೋಡಿಸಿದೆ. ಅದು ಹಲ್ಲಿಯ ಹಾಗೆ ಲೊಚಗುಟ್ಟಿತು. ತೆರೆಯಿತು, ಫೋಟೊ ಹುಡುಕುವ ಮೊದಲೇ ನಿಂತಿತು, ಮತ್ತೆ ತೆರೆಯಿತು. ಡಿಸ್ಕು ಹೋಗುವ ಕಾಲ ಬಂತೆಂದು ಶರಣಮ್ಮ ಮೆಲ್ಲಗೆ ಹೇಳಿದಳು. ಊರಿನ ಅರ್ಧ ಮದುವೆಗಳು ಅದರಲ್ಲಿದ್ದವು; ಅವಕ್ಕೆ ಬೇರೆ ಪ್ರತಿ ಇರಲಿಲ್ಲ. ಅಷ್ಟನ್ನೂ ಇಡಲು ಕಂಪ್ಯೂಟರಿನಲ್ಲಿ ಜಾಗವಿಲ್ಲ. ಹೊಸ ಡಿಸ್ಕು ತರೋಣವೆಂದರೆ ಪಕ್ಕದ ಶಹಾಪುರದಲ್ಲೂ ಆ ದಿನ ಅಂಗಡಿ ಮುಚ್ಚಿತ್ತು.

ಎಲ್ಲವನ್ನೂ ಕ್ಲೌಡಿಗೆ, ಅಂದರೆ ದೂರದೂರಿನ ದೊಡ್ಡ ಕಂಪ್ಯೂಟರುಗಳಿಗೆ ಕಳಿಸಿಬಿಡೋಣವೆಂದಳು ಶರಣಮ್ಮ. ಮಾಮೂಲಿ ದಾರಿಯಲ್ಲಿ ಕಳಿಸಿದರೆ ನೆಟ್ ಹೋದಾಗಲೆಲ್ಲ ಮೊದಲಿನಿಂದ ಶುರುವಾಗುತ್ತಿತ್ತು. ಕ್ಲೌಡಿನವರದೇ ಒಂದು ಸಾಧನವಿದೆಯಂತೆ: ಕಪ್ಪು ಪರದೆಯಲ್ಲಿ ಆಜ್ಞೆ ಟೈಪು ಮಾಡಿದರೆ, ಆಗಲೇ ಹೋದ ಫೋಟೊಗಳನ್ನು ಬಿಟ್ಟು ಉಳಿದವನ್ನಷ್ಟೇ ಕಳಿಸುತ್ತದೆ. ಅದನ್ನು ಹಾಕಿದ್ದೇ ತಡ, ನಮ್ಮ ಹಳೆಯ ಆಲ್ಬಮ್ ತಂತ್ರಾಂಶ ತೆರೆಯಲೊಲ್ಲೆ ಎಂದಿತು. ಹೊಸ ಸಾಧನಕ್ಕೂ ಹಳೆಯ ತಂತ್ರಾಂಶಕ್ಕೂ ಒಂದೇ ಮನೆಯಲ್ಲಿ ಹೊಂದಿಕೆಯಾಗಲಿಲ್ಲ. ನಾನು ತಲೆಯ ಮೇಲೆ ಕೈ ಹೊತ್ತೆ. ಶರಣಮ್ಮ ಹಾಕಿದ್ದನ್ನು ತೆಗೆದು, ಆಲ್ಬಮ್ ಸರಿಪಡಿಸಿ, ಈ ಸಲ ಅದೇ ಸಾಧನದ ಕಂಟೇನರ್ ಇಳಿಸಿಕೊಂಡಳು. ಕಂಟೇನರ್ ಎಂದರೆ ಒಂದು ಸಾಧನವನ್ನು ಅದಕ್ಕೆ ಬೇಕಾದ ಸಾಮಾನಿನ ಸಮೇತ ಮುಚ್ಚಿದ ಡಬ್ಬಿಯಲ್ಲಿ ಓಡಿಸುವುದಂತೆ. ಹೊರಗಿನ ಯಾವುದನ್ನೂ ಅದು ಕೆಡಿಸುವುದಿಲ್ಲವಂತೆ.

ಡಬ್ಬಿ ಓಡಿತು. ಆಜ್ಞೆ ಕೊಟ್ಟಳು. ಅಂಥ ಫೋಲ್ಡರೇ ಇಲ್ಲವೆಂದು ಉತ್ತರ ಬಂತು. ಮುಗಿಯಿತು, ಎಲ್ಲ ಹೋಯಿತೆಂದು ನಾನು ರಹೀಮಾಬಿಯ ಕಡೆ ನೋಡಲಾರದೆ ಗೋಡೆ ನೋಡಿದೆ.

“ಗಾಬರಿ ಆಗಬ್ಯಾಡ್ರಿ,” ಎಂದಳು ಶರಣಮ್ಮ. “ಫೋಟೊ ಎಲ್ಲೂ ಹೋಗಿಲ್ಲ. ಡಬ್ಬಿ ಒಳಗಿಂದ ಅದಕ್ಕ ಡಿಸ್ಕು ಕಾಣವಲ್ದು. ನಾವೇ ತೋರಿಸಬೇಕು.”

ಆಜ್ಞೆಯ ನಡುವೆ ಒಂದಿಷ್ಟು ಅಕ್ಷರ ಸೇರಿಸಿ ಡಿಸ್ಕಿಗೆ ದಾರಿ ಕೊಟ್ಟಳು. ಓದಲು ಮಾತ್ರ ಅಪ್ಪಣೆ, ಬರೆಯಲು ಇಲ್ಲ. ಸಾಯುತ್ತಿರುವ ಡಿಸ್ಕಿಗೆ ಹೆಚ್ಚಿನ ಕೆಲಸ ಬೇಡವೆಂದು. ಪ್ರತಿಸಲ ಕೆಲಸ ಮುಗಿದೊಡನೆ ಡಬ್ಬಿ ಅಳಿಸಿಹೋಗುತ್ತಿತ್ತು, ಜೊತೆಗೆ ಅದಕ್ಕೆ ಕೊಟ್ಟ ನಮ್ಮ ಕ್ಲೌಡ್ ಖಾತೆಯ ಗುರುತಿನ ವಿವರವೂ. ಕೇಳಿದ್ದನ್ನೇ ಮತ್ತೆ ಕೇಳುತ್ತಿತ್ತು. ಆ ವಿವರವನ್ನು ಹೊರಗಿನ ಫೋಲ್ಡರಿನಲ್ಲಿಟ್ಟು ಅದಕ್ಕೂ ದಾರಿ ತೋರಿಸಿದಳು. ಆಮೇಲೆ ಸಾಲುಗಳು ಓಡತೊಡಗಿದವು. ಎಲ್ಲಕ್ಕಿಂತ ಮೊದಲು ರಹೀಮಾಬಿಯ ಮಗಳ ನಿಖಾದ ಫೋಟೊಗಳನ್ನೇ ಕಳಿಸಿದಳು.

ಬಿಸಿಲು ಇಳಿಯುವ ಹೊತ್ತಿಗೆ ಆ ಫೋಟೊ ಕ್ಲೌಡಿನಿಂದ ಇಳಿದು ಪ್ರಿಂಟಾಗಿ ಹೊರಬಂತು. ರಹೀಮಾಬಿ ಅದನ್ನು ಸೆರಗಿನಿಂದ ಒರೆಸಿದರು, ಧೂಳೇನೂ ಇರಲಿಲ್ಲ.

“ನಕ್ಕೋತ ನಿಂತಾರ ನೋಡವ್ವ,” ಎಂದು ಶರಣಮ್ಮನ ಕೈ ಹಿಡಿದುಕೊಂಡರು. “ನಿನ್ನ ಕೈಗೆ ಬರಕತ್ ಇರಲಿ.”

ಉಳಿದ ಮದುವೆಗಳು ಕೆಲವು ದಿನಗಳಲ್ಲಿ ಒಂದೂ ಬಿಡದೆ ಹೋಗಿ ಸೇರಿದವು. ಆಮೇಲೆ ಡಿಸ್ಕು ಒಮ್ಮೆ ಸುಮ್ಮನಾದದ್ದು ಮತ್ತೆ ಏಳಲೇ ಇಲ್ಲ.

ಇವತ್ತು ಇದನ್ನೆಲ್ಲ ನೆನೆಯುತ್ತ ನಿಂತಿರುವಾಗಲೇ ಒಬ್ಬರು ಒಳಗೆ ಬಂದರು. ಗಡಿಯ ಕಡೆಯ ಗುರುಮಠಕಲ್ಲಿನಲ್ಲಿ ಸ್ಟುಡಿಯೊ ಇದೆಯೆಂದರು. ತೆಲುಗು ಬೆರೆತ ಕನ್ನಡ. ನನ್ನ ಕೊರಳಿನ ಕ್ಯಾಮೆರಾ ನೋಡಿ, ಹಳೆಯ ಫೋಟೊ ಉಳಿಸಿಕೊಡುವವರು ನೀವೇನ್ರಿ ಎಂದು ಕೇಳಿದರು.

“ನಾ ಬರೇ ತೆಗಿಯಾಂವ್ರಿ,” ಎಂದೆ. “ಉಳಸೋರು ಇವರು.”

ಹೆಂಡತಿಯನ್ನು ನಾನು ಹೊರಗಿನವರೆದುರು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಶರಣಮ್ಮ ಟೈಪು ಮಾಡುವುದನ್ನು ನಿಲ್ಲಿಸಿ ಒಮ್ಮೆ ನನ್ನತ್ತ ತಿರುಗಿ ನೋಡಿದಳು. ಆಮೇಲೆ ಪಕ್ಕದ ಕುರ್ಚಿಯನ್ನು ಎಳೆದು, ಬಂದವರಿಗೆ “ಕೂಡ್ರಿ” ಎಂದಳು.