ಕುಣಿಯಲ್ಲಿ ಕೂತವನ ಮೇಲೆ ಕೈ ಮಾಡಿದೆ

ಮೌಲಾ, ನೀನು ನನ್ನ ಮೇಲೆ ಏರಿ ಬಂದಿರಲಿಲ್ಲ. ನಿನ್ನ ಬಲಗೈ ಮುರಿದವನು ನಾನೆಂದು ಬೆಟಗೇರಿಗೆಲ್ಲ ಗೊತ್ತು — ಆದರೆ ಜೀವ ಉಳಿಸಿಕೊಳ್ಳಲು ಹೊಡೆದೆ ಎಂದು ಹಿರಿಯರೆದುರು ಹೇಳಿದೆನಲ್ಲ, ಅದು ಶುದ್ಧ ಸುಳ್ಳು.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ. ಇಬ್ಬರೂ ನೇಕಾರರು, ಇಬ್ಬರಿಗೂ ಗಾಂಜಾ ಚಟ, ಇಬ್ಬರದೂ ಮುಗಿಯದ ಒಂದೇ ಜಗಳ: ಅಷ್ಟೇ ಸೊಪ್ಪಿಗೆ ಹೆಚ್ಚು ನಶೆ ಯಾವುದರಲ್ಲಿ? ಬೀಡಿ ಬೆರಳಲ್ಲೇ ಉರಿದು ಅರ್ಧ ಗಾಳಿಪಾಲು, ಚಿಲುಮೆಗೆ ಒದ್ದೆ ಬಟ್ಟೆ ಸುತ್ತಿ ಎಳೆದರೆ ಹೊಗೆಯೆಲ್ಲ ಎದೆಗೆ ಎಂದು ನಾನು. ಚಿಲುಮೆಯದು ಕೆಮ್ಮಿನಲ್ಲೇ ಹೋಗುತ್ತದೆ, ಬೀಡಿಯನ್ನು ಆರಿಸಿ ಕಿವಿಯ ಮೇಲಿಟ್ಟು ಮತ್ತೆ ಸೇದಬಹುದು ಎಂದು ನೀನು. ಕೊನೆಗೆ ಪರೀಕ್ಷೆಗೇ ಇಳಿದೆವು. ಸೇದಿ, ನೆಲದ ಕುಣಿಗೆ ಕಾಲು ಇಳಿಬಿಟ್ಟು ಮಗ್ಗಕ್ಕೆ ಕೂಡುವುದು. ಯಾರ ಲಾಳಿ ಮೊದಲು ತಪ್ಪುತ್ತದೋ ಅವನಿಗೆ ನಶೆ ಹೆಚ್ಚು, ಅವನು ಗೆದ್ದಂತೆ!

ಪಾಲು ಮಾಡಿದವನು ನಾನು. ನಶೆಯ ಹೂವೆಲ್ಲ ನನ್ನ ಚಿಲುಮೆಗೆ, ಬರಿ ದಂಟು ಬೀಜ ನಿನ್ನ ಬೀಡಿಗೆ.

ನನ್ನ ಲಾಳಿ ಬೇಗನೆ ತಪ್ಪಿತು. ಗೆದ್ದೆನೆಂದು ಕೂಗುತ್ತ ಎದ್ದು ನಿಂತೆ. ಸೇದಿದರೂ ನಿನ್ನ ಕೈ ಒಂದಿಷ್ಟೂ ನಡುಗದಿದ್ದುದಕ್ಕೆ ನಿನಗೆ ಅನುಮಾನ ಬಂದು, ಉಳಿದ ಬೀಡಿಯ ತುಂಡು ಬಿಚ್ಚಿ ನೋಡಿದೆ.

"ಬರೇ ದಂಟು ತುಂಬೀಯಲ್ಲಲೇ ಈರ್ಯಾ! ಸೋಲಾಕ ಇಷ್ಟ ಅಂಜತೀಯೇನು?"

ನಕ್ಕೆ ನೀನು. ಆ ನಗು — ಗೋಡೆಗೆ ಒರಗಿಸಿದ್ದ ಬಡಿಗೆ ಕೈಗೆ ಬಂದಿತ್ತು. ಮೊದಲ ಏಟು ಭುಜಕ್ಕೆ. ನೀನು ಏಳಲು ನೋಡಿದೆ, ಆದರೆ ನಿನ್ನ ಎರಡೂ ಕಾಲು ಮಗ್ಗದ ಕುಣಿಯಲ್ಲಿ, ಎದೆಗೆ ಮಗ್ಗದ ಮರ ಅಡ್ಡ. ತಲೆ ಉಳಿಸಿಕೊಳ್ಳಲು ಬಲಗೈ ಎತ್ತಿದೆ. ಆ ಕೈಗೇ ನಾನು ಹೊಡೆದೆ. ಎಲುಬು ಮುರಿದ ಸದ್ದು ಕೇಳಿದ ಮೇಲೂ ಹೊಡೆದೆ, ನೇಯ್ಗೆಯ ಮೇಲೆಲ್ಲ ರಕ್ತ ಸಿಡಿಯುವವರೆಗೆ. ನಶೆ ಅನ್ನಲೇ? ಇಲ್ಲ. ಪ್ರತಿ ಏಟೂ ಎಚ್ಚರದಲ್ಲೇ ಕೊಟ್ಟದ್ದು, ನನಗೆ ನೆನಪಿದೆ.

ಜನ ಬರುವಷ್ಟರಲ್ಲಿ ಚಿಲುಮೆಯನ್ನು ಹಿತ್ತಲಿಗೆ ಎಸೆದಿದ್ದೆ. "ಗಾಂಜಾ ಸೇದಿ ಮೈಮ್ಯಾಲೆ ಏರಿ ಬಂದಾನ್ರಿ," ಎಂದೆ. ನನ್ನ ಕೆಂಪು ಕಣ್ಣು ಅಳುವಿನದೆಂದುಕೊಂಡರು.

"ಕುಣ್ಯಾಗ ಕುಂತಾಂವ ಹೆಂಗ ಏರಿ ಬರಲಿರಿ?" ಎಂದು ನರಳುತ್ತ ಕೇಳಿದೆ ನೀನು. ಅಲ್ಲಿದ್ದವರೆಲ್ಲ ಕುಣಿಯಲ್ಲಿ ಕೂತು ನೇಯ್ದೇ ಅನ್ನ ಉಂಡವರು. ಆದರೂ ನನ್ನ ಬಾಯಿ ಮೂಸದೆ ನಿನ್ನ ಬಾಯಿಯ ವಾಸನೆಯನ್ನೇ ನಂಬಿದರು. ಮತ್ತೆ ನಿನಗೆ ನೇಯಲಾಗಲಿಲ್ಲ. ನೀನು ಹೆಂಡತಿಯ ತವರು ಲಕ್ಷ್ಮೇಶ್ವರಕ್ಕೆ ಹೋದೆ.

ನಿನ್ನೆ ನಿನ್ನ ಮಗ ಬಂದಿದ್ದ.

"ಕಾಕಾ, ಅಪ್ಪ ತೀರಕೊಂಡ್ರು. ನಿಮಗ ಅವರಿಂದ ಏನರ ತ್ರಾಸ ಆಗಿದ್ರ ಮಾಫ್ ಮಾಡ್ರಿ."

ಸತ್ತವರ ಪರವಾಗಿ ಮನೆ ಮನೆಗೆ ಹೋಗಿ ಹಾಗೆ ಕೇಳುವುದು ನಿಮ್ಮಲ್ಲಿ ಪದ್ಧತಿ. ನಾನೇನು ಮಾಡಿದೆ ಗೊತ್ತೇ, ಮೌಲಾ? "ಮಾಫ್ ಮಾಡೇನಪಾ," ಎಂದೆ. ಹುಡುಗ ನನ್ನ ಕಾಲು ಮುಟ್ಟಿದ... ಥೂ, ನನ್ನ ಜನ್ಮಕ್ಕೆ!

ನಾಳೆ ಲಕ್ಷ್ಮೇಶ್ವರಕ್ಕೆ ಹೋಗುತ್ತೇನೆ. ನಿನ್ನ ಹೆಂಡತಿ, ಮಗ ಇಬ್ಬರೆದುರೂ ಎಲ್ಲ ಹೇಳುತ್ತೇನೆ. ಮಾಫ್ ಮಾಡಿ ಎಂದು ಮಾತ್ರ ಕೇಳುವುದಿಲ್ಲ.